ಟೆಲಿವಿಷನ್ ವಿಲೇವಾರಿ

ಬಳಕೆಯ ಅವಧಿ ಮುಗಿದ, ಅಥವಾ ಒಡೆಯರು ಬೇಡವೆಂದು ತೊರೆದ ಟೆಲಿವಿಷನ್ ಯಂತ್ರಗಳನ್ನು, ಅವುಗಳಲ್ಲಡಗಿರುವ ಸೀಸ, ಪಾದರಸ ಮೊದಲಾದ ವಿಷದ್ರವ್ಯಗಳು ಮಣ್ಣು, ನೀರು, ಗಾಳಿಗಳನ್ನು ಸೇರದಂತೆಯೂ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಮೊದಲಾದ ಉಪಯುಕ್ತ ದ್ರವ್ಯಗಳು ವ್ಯರ್ಥವಾಗದಂತೆಯೂ ವಿನಿಯೋಗಿಸುವ ಕಾರ್ಯಕ್ಕೆ ಟೆಲಿವಿಷನ್ ವಿಲೇವಾರಿ ಎಂದು ಹೆಸರು. ಇದು ವಿದ್ಯುನ್ಮಾನ ತ್ಯಾಜ್ಯ, ಅಂದರೆ ಇ-ತ್ಯಾಜ್ಯ, ನಿರ್ವಹಣೆಯ ಒಂದು ಶಾಖೆಯೇ ಆದರೂ ಮೊಬೈಲ್, ಮುದ್ರಕ ಮೊದಲಾದವುಗಳ ತ್ಯಾಜ್ಯಕ್ಕೂ ಇದಕ್ಕೂ ಒಂದು ಮುಖ್ಯ ಭೇದವುಂಟು. ಅವುಗಳ ತೂಕದಲ್ಲಿ ಲೋಹ ಮತ್ತು ಪ್ಲಾಸ್ಟಿಕ್ಕುಗಳದೇ ದೊಡ್ಡ ಪಾಲು. ಹಳೆಯ ಟೆಲಿವಿಷನ್ನಿನ ತೂಕದಲ್ಲಿ ಅರ್ಧಕ್ಕೂ ಮಿಕ್ಕಿದ್ದು ಗಾಜು, ಅದರಲ್ಲಿ ಒಂದು ಭಾಗ ಸೀಸ ಬೆರೆತ ಗಾಜು. ಈ ಗಾಜಿಗೆ ಇಂದು ಕೊಳ್ಳುವವರಿಲ್ಲ. ಟೆಲಿವಿಷನ್ ವಿಲೇವಾರಿಯ ತೊಡಕೆಲ್ಲವೂ ಬಹುಮಟ್ಟಿಗೆ ಈ ಒಂದು ಸಂಗತಿಯಿಂದ ಹುಟ್ಟಿದುದಾಗಿದೆ.

ಈ ಲೇಖನದಲ್ಲಿ ಚಿತ್ರನಳಿಕೆ ಎಂದರೆ ಜನರು ಪಿಕ್ಚರ್ ಟ್ಯೂಬ್ ಎಂದು ಕರೆಯುವ ಕ್ಯಾಥೋಡ್ ಕಿರಣ ನಳಿಕೆ. ಚಪ್ಪಟೆ ಪರದೆ ಎಂದರೆ ಎಲ್‌ಸಿಡಿ, ಎಲ್‌ಇಡಿ, ಪ್ಲಾಸ್ಮಾ ಮತ್ತು ಒಎಲ್‌ಇಡಿ ಬಗೆಗಳು. ಯಂತ್ರವನ್ನು ಯಂತ್ರವಾಗಿಯೇ ಮತ್ತೆ ಉಪಯೋಗಿಸುವುದು ಮರುಬಳಕೆ. ಬಿಚ್ಚಿ, ಒಡೆದು, ಕರಗಿಸಿ ಅದರ ದ್ರವ್ಯವನ್ನು ಮರಳಿ ಪಡೆಯುವುದು ಮರುಸಂಸ್ಕರಣೆ.

ಹಿನ್ನೆಲೆ

ಚಿತ್ರನಳಿಕೆಯ ಮೂಲರೂಪವನ್ನು 1897ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಂಡ್ ಬ್ರೌನ್ ನಿರ್ಮಿಸಿದನು. ಭಾರತದಲ್ಲಿ ಟೆಲಿವಿಷನ್ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗರೂಪವಾಗಿ ಆರಂಭವಾಯಿತು. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಪ್ರದೇಶದ ಹಳ್ಳಿಗಳೂ ಸೇರಿದ್ದುವು. 1982ರ ಏಷ್ಯನ್ ಕ್ರೀಡಾಕೂಟದ ಸಂದರ್ಭದಲ್ಲಿ ವರ್ಣಪ್ರಸಾರ ಬಂದ ಮೇಲೆ ಯಂತ್ರಗಳ ಸಂಖ್ಯೆ ವೇಗವಾಗಿ ಏರಿತು.

ಆ ಕಾಲದಲ್ಲಿ ವಿಲೇವಾರಿ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಕೆಟ್ಟ ಯಂತ್ರವನ್ನು ಮೆಕ್ಯಾನಿಕ್ಕರು ಮನೆಗೇ ಬಂದು ರಿಪೇರಿ ಮಾಡುತ್ತಿದ್ದರು. ಕಳೆಗುಂದಿದ ಚಿತ್ರನಳಿಕೆಯ ಕತ್ತನ್ನು ತೆಗೆದು ಹೊಸ ಇಲೆಕ್ಟ್ರಾನ್ ಗನ್ನನ್ನು ಬೆಸೆದು ಮತ್ತೆ ಜೋಡಿಸುವ ಕಸುಬೂ ಇತ್ತು. ವರ್ಣಯಂತ್ರ ಮನೆಗೆ ಬಂದಾಗ ಕಪ್ಪು-ಬಿಳುಪಿನದು ಊರಿನಲ್ಲಿದ್ದ ಬಂಧುಗಳಿಗೆ ಹೋಗುತ್ತಿತ್ತು. ಎಳೆದು ಮುಚ್ಚುವ ಬಾಗಿಲುಗಳಿದ್ದ ಮರದ ಪೆಟ್ಟಿಗೆಗಳು, ಒಳಗಿನ ಯಂತ್ರ ಹೋದ ಬಳಿಕವೂ, ಪುಸ್ತಕ ಪಾತ್ರೆಗಳ ಕಪಾಟುಗಳಾಗಿ ಉಳಿಯುತ್ತಿದ್ದುವು. ಈ ಕ್ರಮವನ್ನು ಮುರಿದುವು ಎರಡು ಬೆಳವಣಿಗೆಗಳು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದ ಉತ್ತರಾರ್ಧದಿಂದ ಚಪ್ಪಟೆ ಪರದೆಗಳ ಬೆಲೆ ಇಳಿದು, ಹಳೆಯದರ ರಿಪೇರಿಗಿಂತ ಹೊಸದರ ಖರೀದಿ ಲಾಭಕರವೆನಿಸಿತು. ಅದೇ ವೇಳೆಗೆ ಹಲವು ರಾಷ್ಟ್ರಗಳು ಅನಲಾಗ್ ಪ್ರಸಾರವನ್ನು ನಿಲ್ಲಿಸಿದುವು: ನೆದರ್ಲೆಂಡ್ಸ್ 2006ರಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನ 2009ರ ಜೂನ್ 12ರಂದು, ಜಪಾನಿನ ಬಹುಭಾಗ 2011ರಲ್ಲಿ, ಬ್ರಿಟನ್ 2012ರಲ್ಲಿ. ಕೆಡದೆ ಇದ್ದ ಯಂತ್ರಗಳೂ ಆ ದೇಶಗಳಲ್ಲಿ ಲಕ್ಷಗಟ್ಟಲೆಯಾಗಿ ಬೀದಿಗೆ ಬಂದುವು. ಭಾರತದಲ್ಲಿ 2012ರಿಂದ ಹಂತಹಂತವಾಗಿ ನಡೆದ ಕೇಬಲ್ ಡಿಜಿಟಲೀಕರಣದಲ್ಲಿ, ಎರಡನೆಯ ಹಂತದ ನಗರಗಳಾದ ಬೆಂಗಳೂರು ಮೈಸೂರುಗಳಲ್ಲಿಯೂ, ಸೆಟ್-ಟಾಪ್ ಬಾಕ್ಸನ್ನು ಹಳೆಯ ಯಂತ್ರಕ್ಕೆ ಜೋಡಿಸಿಕೊಳ್ಳಲು ಅವಕಾಶವಿದ್ದುದರಿಂದ ಆ ಪ್ರವಾಹ ಕೆಲವು ವರ್ಷ ತಡವಾಯಿತು, ತಪ್ಪಲಿಲ್ಲ.

ನೆರೆಯ ತಮಿಳುನಾಡಿನ ಉದಾಹರಣೆ ಇಲ್ಲಿ ಗಮನಾರ್ಹವಾದುದು. ಅಲ್ಲಿನ ಸರ್ಕಾರವು 2006ರಿಂದ 2011ರ ವರೆಗೆ ಒಂದೂವರೆ ಕೋಟಿಗೂ ಮಿಕ್ಕ 14 ಅಂಗುಲದ ವರ್ಣಯಂತ್ರಗಳನ್ನು ಕುಟುಂಬಗಳಿಗೆ ಉಚಿತವಾಗಿ ಹಂಚಿತು. ಅವೆಲ್ಲವೂ ಚಿತ್ರನಳಿಕೆಯ ಯಂತ್ರಗಳು. ಜಗತ್ತು ಆ ತಂತ್ರವನ್ನು ಕೈಬಿಡುತ್ತಿದ್ದ ಕಾಲದಲ್ಲಿಯೇ ಕೊಟ್ಟಂಥವು. ಏಕಕಾಲಕ್ಕೆ ಬಂದ ಯಂತ್ರಗಳು ಏಕಕಾಲಕ್ಕೇ ಮುಪ್ಪಾಗುವುವೆಂಬುದು ಹಂಚಿಕೆಯ ಲೆಕ್ಕಪತ್ರಗಳಲ್ಲಿ ಕಾಣದ ಅಂಶ.

ರಚನೆ ಮತ್ತು ದ್ರವ್ಯಗಳು

ವರ್ಣ ಚಿತ್ರನಳಿಕೆಗೆ ಮೂರು ಗಾಜಿನ ಅಂಗಗಳಿವೆ: ನೋಡುವವರ ಕಡೆಗಿರುವ ದಪ್ಪ ಮುಖಫಲಕ, ಹಿಂದಕ್ಕೆ ಸಣ್ಣದಾಗುತ್ತ ಹೋಗುವ ಆಲಿಕೆ, ಇಲೆಕ್ಟ್ರಾನ್ ಗನ್ನನ್ನು ಒಳಗೊಂಡ ಕತ್ತು. ಗನ್ನಿನಿಂದ ಹೊರಟ ಇಲೆಕ್ಟ್ರಾನುಗಳು ಸುಮಾರು 25,000 ವೋಲ್ಟುಗಳ ಸೆಳೆತಕ್ಕೆ ಸಿಕ್ಕಿ ಪರದೆಗೆ ಅಪ್ಪಳಿಸುವಾಗ ಬೆಳಕಿನೊಡನೆ ಕ್ಷ-ಕಿರಣಗಳೂ ಉತ್ಪನ್ನವಾಗುತ್ತವೆ. ಅವು ಹೊರಬೀಳದಂತೆ ತಡೆಯಲು ಗಾಜಿನಲ್ಲಿ ಭಾರಧಾತುಗಳನ್ನು ಬೆರೆಸುತ್ತಾರೆ. ಟೆಲಿವಿಷನ್ನಿನಿಂದ ಹೊಮ್ಮುವ ವಿಕಿರಣವನ್ನು ಕುರಿತು ಅಮೆರಿಕದಲ್ಲಿ ಎದ್ದ ಆತಂಕವು 1968ರಲ್ಲಿ ಅಲ್ಲಿ ಶಾಸನಕ್ಕೂ ಕಾರಣವಾಯಿತು. ಆಲಿಕೆಯ ಗಾಜಿನ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಸೀಸದ ಆಕ್ಸೈಡು; ಕತ್ತಿನಲ್ಲಿ ಅದಕ್ಕಿಂತಲೂ ಹೆಚ್ಚು; ಮುಖಫಲಕವನ್ನು ಆಲಿಕೆಗೆ ಅಂಟಿಸುವ ಬೆಸುಗೆಗಾಜಿನಲ್ಲಿ 70ರಿಂದ 80 ಪ್ರತಿಶತ. ಇಲೆಕ್ಟ್ರಾನುಗಳ ಹೊಡೆತಕ್ಕೆ ಸೀಸದ ಗಾಜು ಕಂದುಗಟ್ಟುವುದರಿಂದ ಮುಖಫಲಕಕ್ಕೆ ಮಾತ್ರ ಅದರ ಬದಲು ಬೇರಿಯಂ ಮತ್ತು ಸ್ಟ್ರಾಂಷಿಯಂ ಆಕ್ಸೈಡುಗಳನ್ನು ಬಳಸುತ್ತ ಬಂದರು. ಗಾತ್ರಕ್ಕೆ ತಕ್ಕಂತೆ ಒಂದು ವರ್ಣನಳಿಕೆಯಲ್ಲಿ ಒಂದರಿಂದ ಮೂರು ಕಿಲೋಗ್ರಾಂ ಸೀಸವಿರುವುದುಂಟು. ನೋಡುವವರ ಮೈಗೆ ರಕ್ಷೆಯಾಗಿ ಇಟ್ಟ ದ್ರವ್ಯವೇ ಯಂತ್ರ ಸತ್ತ ಮೇಲೆ ನೆಲಕ್ಕೆ ವಿಷವಾಗುತ್ತದೆ. ಕಪ್ಪು-ಬಿಳುಪಿನ ನಳಿಕೆಯಲ್ಲಿ ಸೀಸದ ಅಂಶ ಬಹಳ ಕಡಿಮೆ, ಬೆಸುಗೆಗಾಜೂ ಅದಕ್ಕಿಲ್ಲ.

ಮುಖಫಲಕದ ಒಳಮೈಗೆ ಹಚ್ಚಿರುವ ರಂಜಕದ ಪುಡಿ ಕೆಲವೇ ಗ್ರಾಂ ತೂಗುತ್ತದೆ. ನೀಲಿ ಹಸಿರುಗಳಿಗೆ ಸತುವಿನ ಸಲ್ಫೈಡ್, ಕೆಂಪಿಗೆ ಯೂರೋಪಿಯಂ ಬೆರೆಸಿದ ಯಿಟ್ರಿಯಂ ಸಂಯುಕ್ತ. ಹಳೆಯ ನಳಿಕೆಗಳಲ್ಲಿ ಕ್ಯಾಡ್ಮಿಯಂ ಕೂಡ ಇತ್ತು. ಅದರ ಹಿಂದೆ ರಂಧ್ರಗಳುಳ್ಳ ಉಕ್ಕಿನ ತೆಳು ತಗಡು. ಕತ್ತಿನ ಬುಡವನ್ನು ಸುತ್ತಿಕೊಂಡಿರುವ ಯೋಕ್ ಎಂಬ ತಾಮ್ರದ ಸುರುಳಿಯೇ ಗುಜರಿಯವರ ದೃಷ್ಟಿಯಲ್ಲಿ ನಳಿಕೆಯ ಸಾರಸರ್ವಸ್ವ. ಬೋರ್ಡಿನ ಮೇಲೆ ತವರ-ಸೀಸದ ಬೆಸುಗೆ, ಅಲ್ಯೂಮಿನಿಯಂ ತಂಪುಫಲಕಗಳು, ಕೆಪಾಸಿಟರುಗಳು, ಟ್ರಾನ್ಸ್‌ಫಾರ್ಮರುಗಳು ಇರುತ್ತವೆ. ಟೆಲಿವಿಷನ್ ಬೋರ್ಡಿನಲ್ಲಿ ಚಿನ್ನದ ಅಂಶ ಗಣಕದ ಬೋರ್ಡಿನಲ್ಲಿರುವುದಕ್ಕಿಂತ ಬಹಳ ಅಲ್ಪ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ಬೆಂಕಿ ಹರಡದಂತೆ ಬ್ರೋಮಿನ್ ಸಂಯುಕ್ತಗಳನ್ನು ಸೇರಿಸಿರುವುದುಂಟು.

ಚಪ್ಪಟೆ ಪರದೆಗಳ ಬಗೆಗಳು

ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಅದಕ್ಕೆ ಹಿಂಬೆಳಕು ಬೇಕು. ಮೊದಮೊದಲ ಯಂತ್ರಗಳಲ್ಲಿ ಈ ಬೆಳಕನ್ನು ಪೆನ್ಸಿಲ್ಲಿಗಿಂತ ಸಪೂರವಾದ, ಉದ್ದನೆಯ ಪ್ರತಿದೀಪ್ತಿ ದೀಪಗಳು ನೀಡುತ್ತಿದ್ದುವು. ಪ್ರತಿಯೊಂದು ದೀಪದಲ್ಲಿ ಕೆಲವು ಮಿಲಿಗ್ರಾಂ ಪಾದರಸವಿದ್ದು, ದೊಡ್ಡ ಪರದೆಯಲ್ಲಿ ಇಂಥವು ಹತ್ತಕ್ಕೂ ಹೆಚ್ಚಿರುತ್ತವೆ. ವ್ಯಾಪಾರದಲ್ಲಿ ಎಲ್‌ಇಡಿ ಟಿವಿ ಎಂದು ಕರೆಯುವುದೂ ಎಲ್‌ಸಿಡಿಯೇ; ಹಿಂಬೆಳಕು ಮಾತ್ರ ಎಲ್‌ಇಡಿ ಬಲ್ಬುಗಳದು, ಆದ್ದರಿಂದ ಅದರಲ್ಲಿ ಪಾದರಸವಿಲ್ಲ. ಹೊರನೋಟಕ್ಕೆ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲವಾದುದರಿಂದ, ತಯಾರಿಕೆಯ ವರ್ಷ ಮತ್ತು ಹಿಂಬದಿಯ ಚೀಟಿಯನ್ನು ನೋಡಿಯೇ ಕೇಂದ್ರಗಳಲ್ಲಿ ವಿಂಗಡಿಸುತ್ತಾರೆ. ಪ್ಲಾಸ್ಮಾ ಪರದೆಯಲ್ಲಿ ಪಾದರಸವಿಲ್ಲ. ಅದರ ಕೋಶಗಳಲ್ಲಿ ನಿಯಾನ್ ಮತ್ತು ಕ್ಸೆನಾನ್ ಅನಿಲಗಳಿರುತ್ತವೆ. ಎಲ್‌ಸಿಡಿ ಮತ್ತು ಒಎಲ್‌ಇಡಿ ಗಾಜಿನ ಮೇಲಿನ ಪಾರದರ್ಶಕ ವಾಹಕಪೊರೆಯಲ್ಲಿ ಇಂಡಿಯಂ ಎಂಬ ವಿರಳ ಲೋಹವುಂಟು. ಪ್ರಮಾಣ ತೀರ ಅತ್ಯಲ್ಪವಾದುದರಿಂದ ಅದನ್ನು ಮರಳಿ ಪಡೆಯುವ ಯತ್ನ ವಾಣಿಜ್ಯದ ಮಟ್ಟಕ್ಕೆ ಬಹಳವಾಗಿ ಏರಿಲ್ಲ.

ಅನುಚಿತ ವಿಲೇವಾರಿಯ ಪರಿಣಾಮಗಳು

ಗುಜರಿಯ ಅಂಗಳದಲ್ಲಿ ನಡೆಯುವ ಕೆಲಸ ಸಾಮಾನ್ಯವಾಗಿ ಹೀಗಿರುತ್ತದೆ. ಹಿಂಬದಿಯ ಮುಚ್ಚಳವನ್ನು ಕಿತ್ತು, ನಳಿಕೆಯ ಕತ್ತಿಗೆ ಸುತ್ತಿಗೆಯಿಂದ ಒಂದು ಏಟು ಹಾಕುತ್ತಾರೆ. ಗಾಳಿ ಸುಯ್ಯನೆ ಒಳನುಗ್ಗುತ್ತದೆ. ಯೋಕಿನ ಸುರುಳಿ ಕೈಗೆ ಬರುತ್ತದೆ. ಉಳಿದ ಗಾಜನ್ನು ಚೂರುಮಾಡಿ ಒಳಗಿನ ಉಕ್ಕಿನ ತಗಡನ್ನು ಎಳೆದುಕೊಂಡು, ಗಾಜನ್ನು ಚರಂಡಿಯ ಬದಿಗೋ ಖಾಲಿ ನಿವೇಶನಕ್ಕೋ ಸುರಿಯುತ್ತಾರೆ. ತಂತಿಗಳ ಮೇಲ್ಹೊದಿಕೆಯನ್ನು ಸುಟ್ಟು ತಾಮ್ರವನ್ನು ಬಿಡಿಸುವಾಗ ಡಯಾಕ್ಸಿನ್ ಮತ್ತು ಫ್ಯುರಾನ್ ಎಂಬ ಘೋರ ವಿಷಗಳು ಹೊಗೆಯೊಡನೆ ಏಳುತ್ತವೆ. ಬೋರ್ಡುಗಳನ್ನು ಬೆಂಕಿಯ ಮೇಲೆ ಕಾಯಿಸಿ ಬಿಡಿಭಾಗಗಳನ್ನು ಉದುರಿಸುವಾಗ ಬೆಸುಗೆಯ ಸೀಸ ಆವಿಯಾಗಿ ಕೆಲಸಗಾರರ ಉಸಿರಿಗೆ ಸೇರುತ್ತದೆ. ದೆಹಲಿಯ ಸೀಲಂಪುರ, ರಾಮಗಂಗಾ ನದಿಯ ದಡದ ಮೊರಾದಾಬಾದ್, ಚೀನಾದ ಗುಯಿಯು, ಘಾನಾ ದೇಶದ ಅಕ್ರಾ ನಗರದಲ್ಲಿದ್ದ ಅಗ್ಬೊಗ್ಬ್ಲೋಶಿ ಇಂಥ ಕಸುಬಿಗೆ ಜಗತ್ತಿನಲ್ಲೆಲ್ಲ ಹೆಸರಾದ ಸ್ಥಳಗಳು.

ಗಾಜಿನಲ್ಲಿ ಬಂಧಿತವಾದ ಸೀಸ ಹೊರಗೆ ಬರಲಾರದೆಂಬ ವಾದ ಒಂದು ಕಾಲದಲ್ಲಿ ಪ್ರಬಲವಾಗಿತ್ತು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ನಳಿಕೆಯ ಗಾಜನ್ನು ಪುಡಿಮಾಡಿ, ಕಸದ ಗುಂಡಿಯ ಆಮ್ಲೀಯ ಸ್ಥಿತಿಯನ್ನು ಅನುಕರಿಸುವ ದ್ರವದಲ್ಲಿ ನೆನೆಸಿ ಪರೀಕ್ಷಿಸಿ, 2000ದಲ್ಲಿ ಪ್ರಕಟಿಸಿದ ಫಲಿತಾಂಶದಿಂದ ಆ ವಾದ ಸಡಿಲವಾಯಿತು: ಪರೀಕ್ಷಿಸಿದ ನಳಿಕೆಗಳಿಂದ ಲೀಟರಿಗೆ ಸರಾಸರಿ 18.5 ಮಿಲಿಗ್ರಾಂ ಸೀಸ ಒಸರಿತ್ತು. ಅಪಾಯಕಾರಿ ತ್ಯಾಜ್ಯವೆಂದು ಗಣಿಸುವ ಮಿತಿ ಲೀಟರಿಗೆ 5 ಮಿಲಿಗ್ರಾಂ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಧಾತು. ಅದಕ್ಕೆ ನಿರಪಾಯವಾದ ಪ್ರಮಾಣವೆಂಬುದು ಇಲ್ಲವೆಂದೇ ವೈದ್ಯಶಾಸ್ತ್ರದ ಇಂದಿನ ಮತ.

ವಿಲೇವಾರಿಯ ಕ್ರಮಗಳು

ಮರುಬಳಕೆ. ಕೆಲಸಮಾಡುವ ಯಂತ್ರವನ್ನು ಬೇಕಾದವರಿಗೆ ಕೊಡುವುದು ಎಲ್ಲ ಕ್ರಮಗಳಲ್ಲಿಯೂ ಮೊದಲನೆಯದು. ಚಪ್ಪಟೆ ಪರದೆಗಳಲ್ಲಿ ಬಹುಸಾಮಾನ್ಯವಾದ ದೋಷಗಳು ಹಿಂಬೆಳಕಿನ ಎಲ್‌ಇಡಿ ಪಟ್ಟಿ ಸುಡುವುದು, ಪವರ್ ಬೋರ್ಡಿನ ಕೆಪಾಸಿಟರ್ ಉಬ್ಬುವುದು. ಇವೆರಡೂ ಅಲ್ಪ ವೆಚ್ಚದಲ್ಲಿ ರಿಪೇರಿಯಾಗುವಂಥವು. ಪರದೆಯೇ ಒಡೆದಿದ್ದರೆ ಮಾತ್ರ ರಿಪೇರಿಯ ಖರ್ಚು ಹೊಸದರ ಬೆಲೆಯನ್ನು ಮುಟ್ಟುತ್ತದೆ. ಆಗಲೂ ಉಳಿದ ಬೋರ್ಡುಗಳು ಬೇರೆ ಯಂತ್ರಗಳಿಗೆ ಒದಗುತ್ತವೆ.

ಬಿಚ್ಚುವಿಕೆ. ಅಧಿಕೃತ ಘಟಕದಲ್ಲಿ ಚಿತ್ರನಳಿಕೆಯ ಯಂತ್ರವನ್ನು ತೆರೆದ ಮೇಲೆ ಮಾಡುವ ಮೊದಲ ಕೆಲಸ ನಳಿಕೆಯಲ್ಲಿ ಉಳಿದಿರುವ ವಿದ್ಯುದಾವೇಶವನ್ನು ಭೂಸಂಪರ್ಕದ ತಂತಿಯಿಂದ ಇಳಿಸುವುದು. ಸ್ವಿಚ್ಚು ತೆಗೆದು ದಿನಗಳು ಕಳೆದರೂ ಬಲವಾಗಿ ಹೊಡೆಯುವಷ್ಟು ಆವೇಶ ಅಲ್ಲಿರಬಹುದು. ಅನಂತರ ನಿರ್ವಾತವನ್ನು ನಿಧಾನವಾಗಿ ಬಿಡಿಸಬೇಕು. 21 ಅಂಗುಲದ ಮುಖಫಲಕವೊಂದರ ಮೇಲೆ ವಾಯುಮಂಡಲದ ಒತ್ತಡವು ಒಂದು ಟನ್ನಿಗೂ ಮಿಕ್ಕ ಭಾರವನ್ನು ಹೇರಿರುತ್ತದೆಯಾಗಿ, ಅಜಾಗರೂಕವಾದ ಪೆಟ್ಟಿನಿಂದ ಗಾಜು ಒಳಮುಖವಾಗಿ ಸಿಡಿದು ಚೂರುಗಳು ಎಲ್ಲೆಡೆಗೂ ಚಿಮ್ಮುತ್ತವೆ. ಮುಖಫಲಕದ ಅಂಚನ್ನು ಬಿಗಿದಿರುವ ಉಕ್ಕಿನ ಪಟ್ಟಿಯನ್ನು ಕತ್ತರಿಸಿ, ಬೆಸುಗೆಗಾಜಿನ ಸಾಲಿನ ಉದ್ದಕ್ಕೂ ವಿದ್ಯುತ್ತಿನಿಂದ ಕೆಂಪಗೆ ಕಾಯಿಸಿದ ತಂತಿಯನ್ನು ಸುತ್ತಿ, ಒಮ್ಮೆಲೆ ತಣಿಸಿದರೆ ಗಾಜು ಆ ಗೆರೆಯಲ್ಲಿಯೇ ಬಿರಿಯುತ್ತದೆ. ವಜ್ರದ ಅಲಗಿನ ಗರಗಸದಿಂದ ಕೊಯ್ಯುವ ವಿಧಾನವೂ ಇದೆ. ಹೀಗೆ ಬೇರ್ಪಟ್ಟ ಮುಖಫಲಕದಿಂದ ರಂಜಕದ ಪುಡಿಯನ್ನು ಹೀರುಯಂತ್ರದಿಂದ ಎಳೆದು ಅಪಾಯಕಾರಿ ತ್ಯಾಜ್ಯವಾಗಿ ಬೇರೆಯಿಡುತ್ತಾರೆ. ಪಾದರಸದ ದೀಪಗಳುಳ್ಳ ಎಲ್‌ಸಿಡಿಯನ್ನು ಗಾಳಿ ಸೆಳೆಯುವ ಗೂಡಿನೊಳಗೆ ಬಿಚ್ಚಿ, ದೀಪಗಳನ್ನು ಇಡಿಯಾಗಿ ತೆಗೆದು, ಪಾದರಸವನ್ನು ಬಟ್ಟಿಯಿಳಿಸುವ ಘಟಕಗಳಿಗೆ ಕಳುಹಿಸಬೇಕು. ಅದರ ಅಕ್ರಿಲಿಕ್ ಬೆಳಕಿನ ಹಲಗೆಗೂ ಅಲ್ಯೂಮಿನಿಯಂ ಚೌಕಟ್ಟಿಗೂ ಒಳ್ಳೆಯ ಬೆಲೆಯಿದೆ.

ಗಾಜಿನ ವಿನಿಯೋಗ. ಚಿತ್ರನಳಿಕೆಗಳು ಇನ್ನೂ ತಯಾರಾಗುತ್ತಿದ್ದಷ್ಟು ಕಾಲ ಹಳೆಯ ಗಾಜನ್ನು ಕರಗಿಸಿ ಹೊಸ ನಳಿಕೆಗೆ ಬಳಸುವುದೇ ಶ್ರೇಷ್ಠ ಮಾರ್ಗವಾಗಿತ್ತು. ಗುಜರಾತಿನ ಭರೂಚ್‌ನಲ್ಲಿದ್ದ ಗಾಜಿನ ಕಾರ್ಖಾನೆಯು ಆ ಕಾಲದ ಕೊನೆಯ ವರ್ಷಗಳಲ್ಲಿ ಅಮೆರಿಕ ಮೊದಲಾದ ದೇಶಗಳಿಂದ ಬಂದ ಸೀಸದ ಗಾಜಿಗೆ ಜಗತ್ತಿನಲ್ಲಿಯೇ ದೊಡ್ಡ ಆಶ್ರಯವಾಗಿತ್ತು. ಕಳೆದ ದಶಕದ ನಡುವಿನಲ್ಲಿ ಆ ದ್ವಾರ ಮುಚ್ಚಿತು. ಉಳಿದ ಮಾರ್ಗಗಳಲ್ಲಿ ಸೀಸ ಮತ್ತು ತಾಮ್ರ ಕರಗಿಸುವ ಕುಲುಮೆಗಳಲ್ಲಿ ಮರಳಿಗೆ ಬದಲಾಗಿ ಈ ಗಾಜನ್ನು ಹಾಕುವುದೊಂದು. ಸೀಸವನ್ನು ವಿಶೇಷ ಕುಲುಮೆಯಲ್ಲಿ ಪ್ರತ್ಯೇಕಿಸುವುದು ಇನ್ನೊಂದು, ಆದರೆ ದೊರೆಯುವ ಸೀಸದ ಬೆಲೆ ಸಾಗಣೆ ಮತ್ತು ಇಂಧನದ ವೆಚ್ಚಕ್ಕೆ ಸಾಲದು. ಸೀಸವಿಲ್ಲದ ಮುಖಫಲಕದ ಗಾಜನ್ನು ಹೆಂಚು, ಇಟ್ಟಿಗೆ, ಕಾಂಕ್ರೀಟುಗಳಲ್ಲಿ ಬೆರೆಸಬಹುದು. ಆಲಿಕೆಯ ಗಾಜನ್ನು ಹಾಗೆ ಬೆರೆಸುವುದು ವಿಷವನ್ನು ಅಡಗಿಸಿದಂತೆ ಮಾತ್ರವಾಗುವುದರಿಂದ ಅದು ಒಪ್ಪತಕ್ಕುದಲ್ಲ. ಯಾವ ಮಾರ್ಗವೂ ಒದಗದಾಗ ತಳಕ್ಕೆ ನೀರಿಂಗದ ಪದರಗಳನ್ನು ಹಾಸಿದ ಸುರಕ್ಷಿತ ಭೂಭರ್ತಿಯೇ ಗತಿ. ಲಾಭ ಕಾಣದ ಉದ್ಯಮಿಗಳು ಗಾಜನ್ನು ಉಗ್ರಾಣಗಳಲ್ಲಿ ರಾಶಿಹಾಕಿ ಕೈಬಿಟ್ಟ ಪ್ರಸಂಗಗಳು ಅಮೆರಿಕದಲ್ಲಿ ಅನೇಕ; ಓಹಾಯೋದ ಕೊಲಂಬಸ್ ನಗರದಲ್ಲಿ ಹೀಗೆ ಉಳಿದುದು ಹತ್ತಾರು ಸಾವಿರ ಟನ್ನುಗಳು.

ಶಾಸನಗಳು

ಅಪಾಯಕಾರಿ ತ್ಯಾಜ್ಯವನ್ನು ಗಡಿ ದಾಟಿಸುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದ 1989ರಲ್ಲಿ ಅಂಗೀಕೃತವಾಯಿತು. ಇ-ತ್ಯಾಜ್ಯವೆಲ್ಲವನ್ನೂ ಪೂರ್ವಾನುಮತಿಯ ವ್ಯಾಪ್ತಿಗೆ ತಂದ ತಿದ್ದುಪಡಿ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಜಪಾನಿನ ಗೃಹೋಪಕರಣ ಶಾಸನ 2001ರ ಏಪ್ರಿಲ್‌ನಿಂದ ನಡೆಯುತ್ತಿದ್ದು, ಅದರಂತೆ ಟೆಲಿವಿಷನ್ ಎಸೆಯುವವರೇ ಮರುಸಂಸ್ಕರಣೆಯ ಶುಲ್ಕವನ್ನು ತೆರಬೇಕು. ಕ್ಯಾಲಿಫೋರ್ನಿಯಾದಲ್ಲಿ ಆ ಶುಲ್ಕವನ್ನು ಕೊಳ್ಳುವಾಗಲೇ ವಸೂಲುಮಾಡುವರು. ಯೂರೋಪಿನ ಒಕ್ಕೂಟ ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು.

ಭಾರತ ಹಿಡಿದುದು ಯೂರೋಪಿನ ದಾರಿಯನ್ನು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಆಧಾರದ ಮೇಲೆ ರಚಿತವಾದ 2011ರ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದುವು. 2016ರಲ್ಲಿ ಅವು ಹೊಸ ರೂಪ ಪಡೆದುವು. ಈಗ ನಡೆಯುತ್ತಿರುವುವು 2023ರ ಏಪ್ರಿಲ್ 1ರಿಂದ ಜಾರಿಯಾದ 2022ರ ನಿಯಮಗಳು. ಎಲ್‌ಸಿಡಿ, ಎಲ್‌ಇಡಿ ಸಹಿತವಾದ ಟೆಲಿವಿಷನ್ನುಗಳು ಇವುಗಳ ಅನುಸೂಚಿಯಲ್ಲಿವೆ. ತಯಾರಕರು ವಿಸ್ತೃತ ಉತ್ಪಾದಕ ಹೊಣೆಗಾರಿಕೆಯ ತತ್ತ್ವದಂತೆ, ನೋಂದಾಯಿತ ಮರುಸಂಸ್ಕರಣಕಾರರಿಂದ ಪ್ರಮಾಣಪತ್ರಗಳನ್ನು ಕೊಂಡು ತಮ್ಮ ಗುರಿಯನ್ನು ತುಂಬಿಕೊಡಬೇಕು. ಗುರಿಯು ಮೊದಲೆರಡು ವರ್ಷ 60, ಮುಂದಿನ ಎರಡು ವರ್ಷ 70, 2027-28ರಿಂದ 80 ಪ್ರತಿಶತ. ಹೊಸ ಯಂತ್ರಗಳಲ್ಲಿ ಸೀಸ, ಪಾದರಸ, ಷಡ್ವೇಲೆನ್ಸೀಯ ಕ್ರೋಮಿಯಂ ಮತ್ತು ಎರಡು ಬಗೆಯ ಬ್ರೋಮಿನ್ ಸಂಯುಕ್ತಗಳು 0.1 ಪ್ರತಿಶತವನ್ನೂ, ಕ್ಯಾಡ್ಮಿಯಂ 0.01 ಪ್ರತಿಶತವನ್ನೂ ಸಾಮಾನ್ಯವಾಗಿ ಮೀರಕೂಡದು.

ಕರ್ನಾಟಕದಲ್ಲಿ

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಒಂದು ಕಾಲಕ್ಕೆ ಕಪ್ಪು-ಬಿಳುಪಿನ ಚಿತ್ರನಳಿಕೆಗಳನ್ನು ತಯಾರಿಸುತ್ತಿತ್ತು. ನಳಿಕೆಯ ಜನನಕ್ಕೆ ಸಂಬಂಧಿಸಿದ ನಗರವೇ ಅದರ ಅಂತ್ಯಕ್ರಿಯೆಯಲ್ಲಿಯೂ ಮುಂದಾಯಿತು: ಇ-ತ್ಯಾಜ್ಯದ ಮರುಸಂಸ್ಕರಣೆಗೆಂದು ದೇಶದಲ್ಲಿ ಮೊದಲು ಅಧಿಕೃತ ಮಾನ್ಯತೆ ಪಡೆದ ಘಟಕವಾದ ಇ-ಪರಿಸರ ನಗರದ ಹೊರವಲಯದ ದಾಬಸ್‌ಪೇಟೆಯಲ್ಲಿ ಸ್ಥಾಪಿತವಾಯಿತು. ರಾಜ್ಯದ ಅಪಾಯಕಾರಿ ತ್ಯಾಜ್ಯದ ಸುರಕ್ಷಿತ ಭೂಭರ್ತಿಯೂ ಅದೇ ಭಾಗದಲ್ಲಿದೆ. ಘಟಕಗಳಿಗೆ ಪರವಾನಗಿ ನೀಡುವ, ಪರಿಶೀಲಿಸುವ ಅಧಿಕಾರ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಹೀಗಿದ್ದರೂ ಮನೆಗಳಿಂದ ಹೊರಬೀಳುವ ಯಂತ್ರಗಳಲ್ಲಿ ಬಹುಪಾಲು ಮೊದಲು ತಲುಪುವುದು ಬೀದಿಯ ಗುಜರಿ ಅಂಗಡಿಗೆ, ಅಲ್ಲಿಂದ ಜಾಲಿ ಮೊಹಲ್ಲಾ, ಗೌರಿಪಾಳ್ಯಗಳಂಥ ಸಗಟು ಗುಜರಿ ಪೇಟೆಗಳಿಗೆ. ಗುಜರಿಯವರು ಮನೆಬಾಗಿಲಿಗೇ ಬಂದು ಕೈಗೆ ಹಣ ಕೊಡುತ್ತಾರೆ. ಕ್ರಮಬದ್ಧ ಘಟಕ ಅದನ್ನು ಕೊಡಲಾರದು, ಏಕೆಂದರೆ ಗಾಜಿನ ವೆಚ್ಚವನ್ನು ಅದು ಹೊರಬೇಕು, ಗುಜರಿ ಹೊರುವುದಿಲ್ಲ.

ಮನೆಯವರು ಪಾಲಿಸತಕ್ಕ ವಿಧಿಗಳು

ಯಂತ್ರವನ್ನು ಬಿಚ್ಚದೆ, ಒಡೆಯದೆ ಇಡಿಯಾಗಿಯೇ ಒಪ್ಪಿಸಬೇಕು. ತಾಮ್ರಕ್ಕಾಗಿ ಯೋಕನ್ನು ಕಿತ್ತುಕೊಟ್ಟ ನಳಿಕೆಯನ್ನು ಅನೇಕ ಘಟಕಗಳು ಸ್ವೀಕರಿಸವು. ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ನೋಂದಾಯಿತ ಮರುಸಂಸ್ಕರಣಕಾರರ ಪಟ್ಟಿಯಿದೆ. ತಯಾರಕರ ಗ್ರಾಹಕ ಸೇವೆಗೆ ಕರೆಮಾಡಿಯೂ ಸಂಗ್ರಹಣೆಯ ವ್ಯವಸ್ಥೆಯನ್ನು ತಿಳಿಯಬಹುದು. ಹೊಸದನ್ನು ಕೊಂಡು ಹಳೆಯದನ್ನು ಅಂಗಡಿಗೆ ಬಿಟ್ಟುಕೊಡುವ ವಿನಿಮಯದಲ್ಲಿ, ಅದು ಅಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕೇಳಿ ರಸೀದಿ ಪಡೆಯುವುದು ಉಚಿತ. ರಿಮೋಟಿನ ಸೆಲ್ಲುಗಳನ್ನು ತೆಗೆದು ಬೇರೆ ಕೊಡಬೇಕು. ಬ್ಯಾಟರಿಗಳಿಗೆ ಪ್ರತ್ಯೇಕ ನಿಯಮಗಳಿವೆ. ಸ್ಮಾರ್ಟ್ ಟಿವಿಯಾದರೆ ಅದರಲ್ಲಿ ಉಳಿದಿರುವ ಖಾತೆ, ಗುಪ್ತಪದಗಳನ್ನು ಅಳಿಸಿ ಕಾರ್ಖಾನೆಯ ಸ್ಥಿತಿಗೆ ತರಬೇಕು. ಹಳೆಯ ಎಲ್‌ಸಿಡಿಯ ದೀಪಗಳು ಒಡೆದಿದ್ದಲ್ಲಿ ಕಿಟಕಿಗಳನ್ನು ತೆರೆದಿಟ್ಟು ಸ್ವಲ್ಪ ಹೊತ್ತು ಹೊರಗಿದ್ದು, ಆಮೇಲೆ ಪೊರಕೆಯಿಂದ ಗುಡಿಸದೆ, ಕೈಗವಸು ಧರಿಸಿ ಚೂರುಗಳನ್ನು ಗಟ್ಟಿ ಕಾಗದದಿಂದ ಎತ್ತಿ ಮುಚ್ಚಳವಿರುವ ಡಬ್ಬಿಗೆ ಹಾಕತಕ್ಕದ್ದು.

ಸದ್ಯದ ಸ್ಥಿತಿ

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉತ್ಪನ್ನವಾದ ಇ-ತ್ಯಾಜ್ಯ 6.2 ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಸಂಸ್ಕರಣೆಗೊಂಡುದೆಂದು ದಾಖಲೆಯಿರುವುದು 22.3 ಪ್ರತಿಶತ. ಟೆಲಿವಿಷನ್ನುಗಳ ಪಾಲು ತೂಕದಲ್ಲಿ ಇಳಿಮುಖವಾಗಿದೆ, ಏಕೆಂದರೆ ಇಪ್ಪತ್ತು ಕಿಲೋ ತೂಗುತ್ತಿದ್ದ ಯಂತ್ರದ ಸ್ಥಾನಕ್ಕೆ ನಾಲ್ಕೈದು ಕಿಲೋ ತೂಗುವುದು ಬಂದಿದೆ. ಆದರೆ ಹೊಸ ಯಂತ್ರಗಳ ಆಯುಷ್ಯ ಹಳೆಯವುಗಳಷ್ಟು ದೀರ್ಘವಲ್ಲವಾದುದರಿಂದ ಸಂಖ್ಯೆ ಇಳಿಯುವ ಲಕ್ಷಣ ಕಾಣದು. ಭಾರತದಲ್ಲಿ ಚಿತ್ರನಳಿಕೆಗಳ ತಯಾರಿಕೆ ನಿಂತುಹೋಗಿದೆ. ಅಟ್ಟ, ಶಾಲೆ, ಕಚೇರಿಗಳ ಉಗ್ರಾಣಗಳಲ್ಲಿ ಉಳಿದಿರುವುವು ಇನ್ನೂ ಹೊರಬೀಳುತ್ತಿವೆ. 2022ರ ನಿಯಮಗಳು ಪ್ರಮಾಣಪತ್ರ ನೀಡಲು ಲೆಕ್ಕಕ್ಕೆ ಹಿಡಿದ ಮುಖ್ಯ ಲೋಹಗಳು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು. ಸೀಸದ ಗಾಜು ಅವುಗಳಲ್ಲಿ ಸೇರಿಲ್ಲ.